ಮೈನಸ್ ಮೂರರ ಸುಖ

ನನ್ನ ಅಣ್ಣನ ಮಗಳಿಗೆ ಕನ್ನಡಕ ಸಾಕಾಗಿದೆಯಂತೆ. ಸಾಕಾಗಿರುವುದು ಅವಳಿಗೋ ಅವಳ ಅಮ್ಮನಿಗೋ ಎಂಬ ಬಗ್ಗೆ ನನಗೆ ಅನುಮಾನವಿದೆ. ಮೈಸೂರಿನ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ, ಇಪ್ಪತ್ತೈದು ವಯಸ್ಸು, ಎರಡೂ ಕಣ್ಣಿಗೆ ಮೈನಸ್ ಆರು. ಜಾತಕ ಹೊರಗೆ ಹೊರಟಿದೆ. ಹಿಂದೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆಗೆ ಮುಂಚೆ ಬಳೆ, ಸರ ಮಾಡಿಸುತ್ತಿದ್ದರು. ಈಗ ಆ ಪಟ್ಟಿಗೆ ಲೇಸರ್ ಸೇರಿದೆ. "ಕಣ್ಣೊಂದು ಮಾಡಿಸಿಬಿಡೋಣ" ಎಂದರು ಅತ್ತಿಗೆ. "ನೀನೂ ಬಂದು ತೋರಿಸ್ಕೋ, ಇಬ್ಬರದೂ ಒಟ್ಟಿಗೇ ಮುಗಿಯುತ್ತೆ" ಎಂದು ನನ್ನನ್ನೂ ಎಳೆದರು. ನನಗೆ ನಲವತ್ತಾರು, ಮೈನಸ್ ಮೂರು. ಹೈಸ್ಕೂಲಿನಲ್ಲಿ ಮೂಗೇರಿದ ಕನ್ನಡಕ ಇನ್ನೂ ಇಳಿದಿಲ್ಲ.

ಕನ್ನಡಕದವರ ಪಾಡು ಕನ್ನಡಕದವರಿಗೇ ಗೊತ್ತು. ಮೈಲಾರಿಯಲ್ಲಿ ದೋಸೆ ಮುಂದೆ ಬಂದ ಕೂಡಲೇ ಹಬೆಗೆ ಗಾಜು ಮಸುಕಾಗಿ, ಬೆಣ್ಣೆ ಎಲ್ಲಿದೆಯೆಂದು ಬೆರಳಿನಿಂದ ಹುಡುಕಬೇಕು. ಬೆಟ್ಟದ ಮೆಟ್ಟಿಲು ಹತ್ತುತ್ತ ನಂದಿಯ ಹತ್ತಿರ ಬರುವಷ್ಟರಲ್ಲಿ ಬೆವರಿಗೆ ಅದು ಮೂಗಿನ ತುದಿಗೆ ಜಾರಿರುತ್ತದೆ. ಆದರೆ ಭಾನುವಾರ ಸಂಜೆ ಅರಮನೆಯ ದೀಪ ಹೊತ್ತಿದಾಗ ಕನ್ನಡಕ ತೆಗೆದು ನೋಡುವ ಸುಖ ಕಣ್ಣು ನೆಟ್ಟಗಿರುವವರಿಗಿಲ್ಲ. ಸುಮಾರು ಒಂದು ಲಕ್ಷ ಬಲ್ಬುಗಳು ಉಬ್ಬಿ, ಒಂದರೊಳಗೊಂದು ಕಲೆತು, ಗೋಪುರ ಕಮಾನುಗಳೆಲ್ಲ ಮಾಯವಾಗಿ, ಬರೀ ಹೊಂಬೆಳಕು ಉಳಿಯುತ್ತದೆ. ಟಿಕೆಟ್ಟಿಲ್ಲದ ಈ ಆಟವನ್ನು ನಾನು ಚಿಕ್ಕಂದಿನಿಂದ ಆಡುತ್ತಿದ್ದೇನೆ.

ಕನ್ನಡಕದ ವಿಷಯದಲ್ಲಿ ನಮ್ಮ ಸೀಮೆಯವರು ಹಳಬರು. ಮೈಸೂರಿನಿಂದ ಅರ್ಧ ಗಂಟೆ ಚಿಲ್ಲರೆಯ ದಾರಿ ಬನ್ನೂರು. ಆ ಹೆಸರು ಕೇಳಿದರೆ ಕುರಿ ನೆನಪಾಗುವವರೇ ಹೆಚ್ಚು, ಇರಲಿ. ವಿಜಯನಗರದ ಕೃಷ್ಣದೇವರಾಯನಿಂದ ಗೌರವ ಪಡೆದ ವ್ಯಾಸತೀರ್ಥರು ಹುಟ್ಟಿದ್ದು ಅಲ್ಲಿ. ಅವರ ಪರಂಪರೆಯ ಮಠ ಇಂದಿಗೂ ತಿ. ನರಸೀಪುರದ ಹತ್ತಿರದ ಸೋಸಲೆಯಲ್ಲಿದೆ. ಸೋಮನಾಥ ಕವಿಯ ಸಂಸ್ಕೃತ ಕೃತಿ 'ವ್ಯಾಸಯೋಗಿಚರಿತ'ದಲ್ಲಿ ಸ್ವಾಮಿಗಳು ಕನ್ನಡಕದ ನೆರವಿನಿಂದ ಪುಸ್ತಕ ಓದುವ ಪ್ರಸ್ತಾಪ ಬರುತ್ತದೆ. ಪುಣೆಯ ವಿದ್ವಾಂಸ ಪಿ. ಕೆ. ಗೋಡೆ ಭಾರತದಲ್ಲಿ ಕನ್ನಡಕದ ಚರಿತ್ರೆ ಕೆದಕುತ್ತ ಹೋದಾಗ ಅವರಿಗೆ ಸಿಕ್ಕ ಬಹಳ ಹಳೆಯ ಉಲ್ಲೇಖ ಇದು. ಕಾಲ ಸುಮಾರು 1520. ಗೋವಾ ಪೋರ್ಚುಗೀಸರ ಕೈಸೇರಿ ಆಗ ಹತ್ತೇ ವರ್ಷವಾಗಿತ್ತು. ಗಾಜು ಆ ದಾರಿಯಲ್ಲಿ ಬಂದಿರಬಹುದು.

ಸ್ವಾಮಿಗಳಿಗೆ ಆಗ ಅರವತ್ತರ ಆಸುಪಾಸು. ಅವರದು ಚಾಳೀಸು, ಹತ್ತಿರದ್ದು ಕಾಣದ ವಯಸ್ಸಿನ ಕಣ್ಣು. ನನ್ನದು ದೂರದ್ದು ಕಾಣದ ಕಣ್ಣು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆಸ್ಪತ್ರೆಗೆ ಹೋಗುವವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಲೇಸರಿನ ಕಥೆಯಲ್ಲೂ ನಮ್ಮ ಕಡೆಯವರೊಬ್ಬರಿದ್ದಾರೆ. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕಿನ ಐಬಿಎಂ ಪ್ರಯೋಗಾಲಯದಲ್ಲಿ ಎಕ್ಸೈಮರ್ ಎಂಬ ಅತಿನೇರಳೆ ಲೇಸರಿನಿಂದ ಪ್ಲಾಸ್ಟಿಕ್ ಕೆತ್ತುತ್ತಿದ್ದವರು. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಮೇಲೆ ಲೇಸರ್ ಬಿಟ್ಟರು. ಸುಡಲಿಲ್ಲ, ಕರಕಲಾಗಲಿಲ್ಲ, ಅಂಚು ನಯವಾಗಿ ಕತ್ತರಿಸಿತು. ಎರಡು ವರ್ಷದಲ್ಲಿ ಸ್ಟೀಫನ್ ಟ್ರೋಕೆಲ್ ಎಂಬ ಕಣ್ಣಿನ ಡಾಕ್ಟರು ಅವರ ಜೊತೆ ಸೇರಿ, ಕಣ್ಣಿನ ಹೊರಗಿನ ಪೊರೆಯಾದ ಕಾರ್ನಿಯಾವನ್ನು ಕೆತ್ತಬಹುದೆಂದು ತೋರಿಸಿದರು. ಮಡಿಯವರ ಮನೆಯಲ್ಲಿ ಈ ಟರ್ಕಿಯ ಭಾಗವನ್ನು ನಾನು ಹೇಳುವುದಿಲ್ಲ.

ಪರೀಕ್ಷೆಗೆ ಹೋಗುವ ಮುಂಚೆ ಎರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ ಎಂದು ಆಸ್ಪತ್ರೆಯವರು ಫೋನಿನಲ್ಲೇ ಹೇಳಿದ್ದರು. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಒಂದಿಷ್ಟು ಬದಲಾಗಿದ್ದರೆ ಯಂತ್ರ ತಪ್ಪು ನಕ್ಷೆ ಕೊಡುತ್ತದೆ. ಅಲ್ಲಿ ಮೊದಲು ಪ್ರಶ್ನೆಗಳ ಸುರಿಮಳೆ. ಒಂದು ವರ್ಷದಿಂದ ಪವರ್ ನಿಂತಿದೆಯಾ? ಸಕ್ಕರೆ ಕಾಯಿಲೆ, ಸಂಧಿವಾತ ಇದೆಯಾ? ಬಸಿರು, ಮಗುವಿಗೆ ಹಾಲೂಡಿಸೋದು? ಕೊನೆಯದನ್ನು ಕೇಳಿ ಅತ್ತಿಗೆ "ಡಾಕ್ಟ್ರೇ, ಮದುವೆಗೇ ಅಲ್ವಾ ಇದನ್ನ ಮಾಡಿಸ್ತಿರೋದು" ಎಂದುಬಿಟ್ಟರು. ಆಮೇಲೆ ರೆಪ್ಪೆಯ ಒಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಕಣ್ಣೀರು ಅಳೆದರು. ಲೇಸರ್ ಕಾರ್ನಿಯಾದ ಸಣ್ಣ ನರಗಳನ್ನೂ ಕತ್ತರಿಸುವುದರಿಂದ ಮೊದಲೇ ಒಣಗಿದ ಕಣ್ಣು ತಿಂಗಳುಗಟ್ಟಲೆ ಇನ್ನಷ್ಟು ಒಣಗಬಹುದು. ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನೂ ನೋಡಿದರು. ಕೊನೆಗೆ ಕಾರ್ನಿಯಾದ ದಪ್ಪ ಮತ್ತು ಏರಿಳಿತದ ನಕ್ಷೆ.

"ಅಷ್ಟು ತೆಳು ಪೊರೆ, ಅದರಲ್ಲಿ ಕೊಯ್ಯೋಕೇನಿರುತ್ತೆ?" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು. ಅಪ್ಪುವಿನ ಕಣ್ಣು ಜ್ಞಾಪಿಸಿದೆ. 2021ರಲ್ಲಿ ಪುನೀತ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟಿದ್ದರು. ಅತ್ತಿಗೆ ಕಣ್ಣೊರೆಸಿಕೊಂಡರು. ಪೊರೆಯ ಬಗ್ಗೆ ಮತ್ತೆ ಕೇಳಲಿಲ್ಲ.

ಹುಡುಗಿಯ ಲೆಕ್ಕ ಹೀಗೆ ಬಂತು. ಕಾರ್ನಿಯಾದ ದಪ್ಪ 490 ಮೈಕ್ರಾನ್. ಸಾಮಾನ್ಯವಾಗಿ 540ರ ಸುಮಾರು ಇರಬೇಕು. ಲೇಸರ್ ಬಿಡುವ ಮುಂಚೆ ಕೊಯ್ದು ಮೇಲೆತ್ತುವ ಪದರಕ್ಕೆ 110 ಹೋಯಿತು. ಒಂದೊಂದು ಪವರಿಗೆ ಸುಮಾರು 14ರಂತೆ ಆರಕ್ಕೆ 84 ಕೆತ್ತಬೇಕು. ಉಳಿಯುವುದು 296. ಕೆಳಗೆ ಮುನ್ನೂರಾದರೂ ಇರಲಿ ಎನ್ನುವ ಡಾಕ್ಟರು ಅವರು. ಪದರ ಎತ್ತದ ವಿಧಾನಗಳೂ ಇವೆಯಲ್ಲ ಎಂದು ಹುಡುಗಿ ಓದಿಕೊಂಡು ಬಂದದ್ದನ್ನು ಒಪ್ಪಿಸಿದಳು. ಅವರು ನಕ್ಷೆ ತಿರುಗಿಸಿ ತೋರಿಸಿದರು. ಕಾರ್ನಿಯಾದ ಕೆಳಭಾಗದಲ್ಲಿ ಕೆಂಪು ಬಣ್ಣ, ಅಲ್ಲಿ ತುಸು ಉಬ್ಬು. "ಕಣ್ಣು ಉಜ್ಜುತ್ತೀಯಾ ಅಮ್ಮಾ?" ಎಂದರು. ಅಲರ್ಜಿ ಮಗು. ಎಳೆವಯಸ್ಸಿನಿಂದ ಎರಡು ಮುಷ್ಟಿಯಲ್ಲೂ ಉಜ್ಜಿಕೊಂಡೇ ಬೆಳೆದವಳು. ಇದು ಕಾರ್ನಿಯಾ ಉಬ್ಬುವ ಕಾಯಿಲೆಯಾದ ಕೆರಟೋಕೋನಸ್ಸಿನ ಶುರುವಾತು ಆಗಿರಬಹುದು, ಅಂಥ ಕಣ್ಣಿನ ಮೇಲೆ ಯಾವ ಲೇಸರೂ ಬೇಡ. ಕೆತ್ತಿದರೆ ಕಾರ್ನಿಯಾ ಮುಂದಕ್ಕೆ ಉಬ್ಬುತ್ತ ಹೋಗಿ, ಆಮೇಲೆ ಕನ್ನಡಕದಿಂದಲೂ ಸರಿಹೋಗದ ದೃಷ್ಟಿಯಾಗುತ್ತದೆ ಎಂದರು.

"ಬೇರೆ ಕಡೆ ತೋರಿಸೋಣ" ಎಂದು ಅತ್ತಿಗೆ ಮೆಟ್ಟಿಲಿಳಿಯುವಾಗಲೇ ಶುರುಮಾಡಿದರು. ಇನ್ನೊಬ್ಬರಿಗೆ ತೋರಿಸುವುದು ತಪ್ಪಲ್ಲ. ಆದರೆ "ಆಗುತ್ತೆ" ಎನ್ನುವವರು ಸಿಗುವ ತನಕ ಊರೂರು ಅಲೆಯುವುದಿದೆಯಲ್ಲ, ಅದು ಸಂಬಂಧ ಹುಡುಕುವಾಗ ಸರಿ, ಕಣ್ಣಿಗಲ್ಲ. ಕೈಗೆ ಬರುವ ಫೀಸು ಬಿಟ್ಟು "ಬೇಡ" ಎಂದ ಡಾಕ್ಟರ ಮೇಲೆ ನನಗಂತೂ ಗೌರವ ಹೆಚ್ಚಿತು.

ಇತ್ತ ಬೇಕೆಂದು ಬಾರದ ನನ್ನ ಕಾರ್ನಿಯಾ 555, ನಕ್ಷೆ ಸಮ, ಕಣ್ಣೀರು ಧಾರಾಳ. "ನಿಮಗೆ ಧಾರಾಳವಾಗಿ ಮಾಡಬಹುದು ಮೇಡಂ. ರಾತ್ರಿ ದೀಪದ ಸುತ್ತ ಸ್ವಲ್ಪ ದಿನ ಬಳೆ ಬಳೆ ಕಾಣಬಹುದು, ಅಷ್ಟೆ. ಆದರೆ ಮಾರನೇ ದಿನದಿಂದಲೇ ಓದೋಕೆ ಕನ್ನಡಕ ಬೇಕಾಗುತ್ತೆ" ಎಂದರು. ನಲವತ್ತು ದಾಟಿದ ಮೇಲೆ ಗಟ್ಟಿಯಾಗುವುದು ಕಣ್ಣಿನೊಳಗಿನ ಮಸೂರ. ಲೇಸರ್ ಕೆತ್ತುವುದು ಹೊರಗಿನ ಪೊರೆ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ರಾಜಿ ಉಂಟು, ಎಲ್ಲರಿಗೂ ಒಗ್ಗುವುದಿಲ್ಲ. ಅಂದರೆ ನನ್ನ ಮೈನಸ್ಸನ್ನು ಅರೆಗಳಿಗೆಯಲ್ಲಿ ಅಳಿಸುವ ಈ ಯಂತ್ರ ಬನ್ನೂರಿನ ಸ್ವಾಮಿಗಳ ಚಾಳೀಸಿನ ಮುಂದೆ ಐದುನೂರು ವರ್ಷವಾದರೂ ಕೈಕಟ್ಟಿ ನಿಂತಿದೆ. ಮೈನಸ್ ಮೂರಿನವರಿಗೋ ಕನ್ನಡಕ ತೆಗೆದರೆ ಒಂದು ಅಡಿ ದೂರದ್ದು ಸ್ಫಟಿಕದಂತೆ ಕಾಣುತ್ತದೆ. ಸೂಜಿಗೆ ದಾರ, ಮಾತ್ರೆ ಪಟ್ಟಿಯ ಮೇಲಿನ ತಾರೀಕು, ಪಂಚಾಂಗದ ಇರುವೆ ಸಾಲು, ಎಲ್ಲ ಬರಿಗಣ್ಣಿಗೆ. ನನ್ನ ವಾರಿಗೆಯವರು ಕನ್ನಡಕ ಹುಡುಕುವಾಗ ನಾನು ಕಳಚಿ ಪಕ್ಕಕ್ಕಿಡುತ್ತೇನೆ. ಈ ಸೌಲಭ್ಯವನ್ನು ದುಡ್ಡು ಕೊಟ್ಟು ಕಳೆದುಕೊಳ್ಳಲು ನನಗೆ ಹುಚ್ಚೆ? ಬೇಡ ಎಂದೆ.

"ಅತ್ತೆ, ನಿಮ್ಮ ಕಾರ್ನಿಯಾ ನಂಗೆ ಬರಬಾರದಿತ್ತಾ" ಎಂದಳು ಹುಡುಗಿ. ದೇವರಾಜ ಅರಸು ರಸ್ತೆಯಲ್ಲಿ ಅವಳಿಗೊಂದು ಒಳ್ಳೆಯ ಫ್ರೇಮ್ ಕೊಡಿಸಿದೆ. ವರ್ಷಕ್ಕೊಮ್ಮೆ ನಕ್ಷೆ ತೆಗೆಸಬೇಕು, ಅಲರ್ಜಿಗೆ ಹನಿ ಹಾಕಬೇಕು, ಕಣ್ಣು ಉಜ್ಜಲೇಬಾರದು. ಅವಳ ಕೈ ಮುಖದತ್ತ ಏಳುವುದನ್ನೇ ಅತ್ತಿಗೆ ಈಗ ಅಡುಗೆಮನೆಯಿಂದಲೂ ಪತ್ತೆಹಚ್ಚಿ ಗದರುತ್ತಾರೆ. ಬೇರೆ ಕಡೆ ತೋರಿಸುವ ಮಾತು ನಿಂತಿದೆ. ಜಾತಕದ ಜೊತೆ ಕಳಿಸುವ ಫೋಟೋ ಮಾತ್ರ ಹಳೆಯದೇ, ಕನ್ನಡಕ ಇಲ್ಲದ್ದು.