ಹೆಡ್‌ಮಾಸ್ತರರ ಮೇಜಿನ ಮೇಲೆ ಅಮೆರಿಕದ ಅರ್ಜಿ

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯಂಥ ಊರಿನ ವಿದ್ಯಾರ್ಥಿ ಅಮೆರಿಕದ ಪ್ರತಿಷ್ಠಿತ ಕಾಲೇಜುಗಳಿಗೆ ಅರ್ಜಿ ಹಾಕಹೊರಟರೆ, ಕಷ್ಟವು ಇಂಗ್ಲಿಷ್ ಪ್ರಬಂಧಕ್ಕಿಂತ ಮೊದಲೇ ಶುರುವಾಗುತ್ತದೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಸಲ್ಲಿಸುವ ‘ಕಾಮನ್ ಆ್ಯಪ್’ ವ್ಯವಸ್ಥೆಯಲ್ಲಿ ಶಾಲೆಯ ‘ಕೌನ್ಸೆಲರ್’, ಅಂದರೆ ಮುಂದಿನ ಓದಿಗೆ ದಾರಿ ತೋರುವ ಸಿಬ್ಬಂದಿ, ವಿದ್ಯಾರ್ಥಿಯ ಕುರಿತು ಬರೆಯಬೇಕೆಂಬ ನಿರೀಕ್ಷೆಯಿದ್ದು, ಸರ್ಕಾರಿ ಶಾಲೆಗಳಲ್ಲಿ ಅಂಥವರು ಸಾಮಾನ್ಯವಾಗಿ ಇರದ ಕಾರಣ ಆ ಹೊಣೆ ಟಿಸಿಗೂ ಬಸ್ ಪಾಸಿಗೂ ಸಹಿ ಹಾಕುವ ಹೆಡ್‌ಮಾಸ್ತರರ ಹೆಗಲಿಗೇ ಬೀಳುತ್ತದೆ. ಹಣದ ಮಾತು ಇನ್ನೂ ಸೂಕ್ಷ್ಮವಾದುದು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಂಥ ಕೆಲವೇ ಸಂಸ್ಥೆಗಳು ‘ನೀಡ್-ಬ್ಲೈಂಡ್’ ನೀತಿಯನ್ನು, ಎಂದರೆ ಆಯ್ಕೆಯ ವೇಳೆ ಮನೆಯ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕ್ರಮವನ್ನು, ವಿದೇಶಿಯರಿಗೂ ಅನ್ವಯಿಸುತ್ತವೆ, ಉಳಿದ ಬಹುಪಾಲು ಕಡೆ ನೆರವು ಕೇಳುವುದೇ ಅವಕಾಶವನ್ನು ಕುಗ್ಗಿಸಬಹುದು. (ಹೆಸರು ದೊಡ್ಡದಾದಷ್ಟೂ ಖರ್ಚು ಹೆಚ್ಚೆಂಬ ನಂಬಿಕೆ ಬಡವರ ಪಾಲಿಗೆ ಇಲ್ಲಿ ತಲೆಕೆಳಗು.) 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿದ್ದ ಹೊಸೂರು ಸೀಮೆಯ ಬಳಿಗಾನಪಲ್ಲಿಯಲ್ಲಿ 1997ರಲ್ಲಿ ಆರಂಭವಾದ ಶಾಂತಿ ಭವನ ವಸತಿ ಶಾಲೆಯಿಂದ ಕಡುಬಡ ಮನೆಗಳ ಕೆಲವು ಮಕ್ಕಳು ಅಮೆರಿಕದ ಕಾಲೇಜು ಸೇರಿದ್ದಾರೆ, ಆದ್ದರಿಂದ ಕೊರತೆ ಪ್ರತಿಭೆಯದೆನ್ನುವುದು ಸಲ್ಲದು. ಇಂಥ ಅರ್ಜಿ ತುಂಬಿದ ಅನುಭವವುಳ್ಳವರು ತಮ್ಮೂರಿನ ಹೆಡ್‌ಮಾಸ್ತರರೊಬ್ಬರಿಗೆ ಅದನ್ನು ಹೇಳಿಕೊಡಬೇಕು; ಈಗಾಗಲೇ ಹೇಳಿಕೊಟ್ಟವರಿದ್ದರೆ ಇಲ್ಲಿ ತಿಳಿಸಬೇಕು.