ಹಡಗು ಇಳಿದ ಮೇಲೆ ಲಿಸ್ಬನ್

ಕೊನೆಯ ರಾತ್ರಿ ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲಾಚೆ ಇಡಬೇಕು. ಬೆಳಿಗ್ಗೆ ಅದು ಟರ್ಮಿನಲ್ ಹಜಾರದಲ್ಲಿ ಅದೇ ಬಣ್ಣದ ಸಾಲಿನಲ್ಲಿ ಇರುತ್ತದೆ. ನಡುವೆ ಅದನ್ನು ಹೊತ್ತವರು ಯಾರ ಕಣ್ಣಿಗೂ ಬೀಳುವುದಿಲ್ಲ.

*

ಇಳಿಯುವಾಗ ಕ್ಯಾಬಿನ್ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಟಿಂಗ್ ಎನ್ನುತ್ತದೆ. ಆಮೇಲೆ ಆ ಕಾರ್ಡಿಗೆ ಯಾವ ಬಾಗಿಲೂ ತೆರೆಯುವುದಿಲ್ಲ. ಎಲ್ಲರೂ ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಳ್ಳುತ್ತಾರೆ.

*

ಟರ್ಮಿನಲ್ ಕಟ್ಟಡ 2017ರದು. ಗೋಡೆಯ ಕಾಂಕ್ರೀಟಿನಲ್ಲಿ ಕಾರ್ಕ್ ಚೂರು ಬೆರೆಸಿದ್ದಾರೆ, ಭಾರ ಕಡಿಮೆಯಾಗಲಿ ಎಂದು. ಪಕ್ಕದಲ್ಲಿ ಹಡಗು ಮಹಡಿ ಮೇಲೆ ಮಹಡಿಯಾಗಿ ನಿಂತಿದೆ. ಅದು ನಿಂತಷ್ಟು ಹೊತ್ತು ಹಿಂದಿನ ಅಲ್ಫಾಮ ಗುಡ್ಡದ ಎಷ್ಟೋ ಕಿಟಕಿಗಳಿಗೆ ನದಿ ಕಾಣುವುದಿಲ್ಲ.

*

ಮೇಜಿನ ಮೇಲೆ ಕಾಫಿ ಅಲ್ಲಾಡದೆ ನಿಂತಿದೆ. ತೂಗುತ್ತಿರುವುದು ನಾನು. ಮಿದುಳು ಹಡಗಿನ ಓಲಾಟಕ್ಕೆ ಒಗ್ಗಿದೆ, ಬಿಡಲು ಅದಕ್ಕೆ ಹೊತ್ತು ಬೇಕು.

*

ಲಿಸ್ಬನ್ ನಗರದ ಲಾಂಛನ: ಒಂದು ಹಡಗು, ಮುಂತುದಿಯಲ್ಲಿ ಒಂದು ಕಾಗೆ, ಹಿಂತುದಿಯಲ್ಲಿ ಒಂದು. ಬೀದಿದೀಪದ ಕಂಬದಲ್ಲಿದೆ, ಕಾಲ್ದಾರಿಗೆ ಹಾಸಿದ ಕಪ್ಪುಬಿಳುಪು ಕಲ್ಲಿನಲ್ಲೂ ಇದೆ. 1173ರಲ್ಲಿ ಸಂತ ವಿಸೆಂತೆಯ ಅಸ್ಥಿ ಹಡಗಿನಲ್ಲಿ ಇಲ್ಲಿಗೆ ಬಂತು, ದಾರಿಯುದ್ದಕ್ಕೂ ಎರಡು ಕಾಗೆಗಳು ಕಾವಲಿದ್ದವು ಎಂಬ ಐತಿಹ್ಯ. ಸತ್ತವರ ಸಂಗಡ ಕಾಗೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

*

ಟರ್ಮಿನಲ್‌ನಿಂದ ಸ್ವಲ್ಪ ನಡೆದರೆ ಕಾಸಾ ದೊಸ್ ಬಿಕೊಸ್ ಎಂಬ ಮನೆ. ಮುಂಗೋಡೆಯ ಕಲ್ಲುಗಳೆಲ್ಲ ಹೊರಕ್ಕೆ ಮೊನೆ ಚಾಚಿವೆ. 1523ರಲ್ಲಿ ಕಟ್ಟಿಸಿದವನು ಬ್ರಾಸ್ ದ ಅಲ್ಬುಕರ್ಕ್. 1510ರಲ್ಲಿ ಗೋವೆಯನ್ನು ಹಿಡಿದ ಅಫೊನ್ಸೊ ದ ಅಲ್ಬುಕರ್ಕನ ಮಗ. 1755ರ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಬಿದ್ದವು. ಉಳಿದದ್ದು ಒಂದು ಕಾಲಕ್ಕೆ ಒಣಮೀನಿನ ಉಗ್ರಾಣವಾಯಿತು. ಬಿದ್ದದ್ದನ್ನು ಮತ್ತೆ ಎಬ್ಬಿಸಿದ್ದು 1980ರ ದಶಕದಲ್ಲಿ.

ಈಗ ಒಳಗಿರುವುದು ಕಾದಂಬರಿಕಾರ ಜುಜೆ ಸರಮಾಗೊ ಅವರ ಪ್ರತಿಷ್ಠಾನ. ಎದುರಿಗೊಂದು ಆಲಿವ್ ಮರ, ಅವರು ಹುಟ್ಟಿದ ಹಳ್ಳಿಯಿಂದ ತಂದು ನೆಟ್ಟದ್ದು. ಬುಡದಲ್ಲಿ ಅವರ ಚಿತಾಭಸ್ಮ. ಪಕ್ಕದ ಬೆಂಚಿನ ಮೇಲೆ ಸೂಟ್‌ಕೇಸ್ ಎಳೆದು ಸುಸ್ತಾದವರು ಕೂತಿದ್ದರು.

*

ಅರ್ಸೆನಲ್ ಬೀದಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಹಲಗೆಯ ಹಾಗೆ ಜೋಡಿಸಿಟ್ಟಿದ್ದಾರೆ. ಊರಿನವರು ಇದನ್ನು ತಮ್ಮದೇ ಊಟ ಎನ್ನುತ್ತಾರೆ. ಈ ಮೀನು ಪೋರ್ಚುಗಲ್ಲಿನ ಕಡಲಿನದಲ್ಲ. ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬರುತ್ತದೆ.

*

ಮಾರ್ತಿಂ ಮೊನಿಜ್ ಚೌಕದ ಬಳಿಯ ಅಂಗಡಿಯಲ್ಲಿ ಕರಿಬೇವು. ಮುಟ್ಟಿ ನೋಡಿದೆ, ಹಸಿಯದೇ.

*

ನದಿಗೆ ತೆರೆದುಕೊಂಡ ದೊಡ್ಡ ಚೌಕ, ಪ್ರಾಸ ದೊ ಕೊಮೆರ್ಸಿಯೊ. ಅರಮನೆ ಇಲ್ಲೇ ಇತ್ತು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿದ್ದಾಗ ಭೂಮಿ ನಡುಗಿತು. ಬಯಲು ಸಿಕ್ಕಿತೆಂದು ನದಿದಂಡೆಗೆ ಓಡಿದವರ ಮೇಲೆ ನೀರು ಏರಿ ಬಂತು.

ರಾಜ ಜುಜೆ ಬದುಕಿದ. ಆಮೇಲೆ ಅವನು ಕಲ್ಲಿನ ಮನೆಯೊಳಗೆ ಮಲಗಲು ಒಪ್ಪಲಿಲ್ಲ. ಗುಡ್ಡದ ಮೇಲೆ ಮರ, ಬಟ್ಟೆಗಳ ಬಿಡಾರದಲ್ಲಿ ಸಂಸಾರ ಸಮೇತ ಇದ್ದ. ಚೌಕದ ನಡುವೆ ಕುದುರೆ ಏರಿದ ಅವನ ವಿಗ್ರಹ, ಅವನು ಇದ್ದಾಗಲೇ, 1775ರಲ್ಲಿ ನಿಲ್ಲಿಸಿದ್ದು. ಪೀಠ ಕಲ್ಲಿನದು.

*

ಇದೇ ಜಾಗ, 1515ರ ಜೂನ್ 3. ಅರಮನೆಯ ಅಂಗಳದಲ್ಲಿ ಖಡ್ಗಮೃಗಕ್ಕೂ ಆನೆಗೂ ಜಗಳ ಹಚ್ಚಿದರು. ಖಡ್ಗಮೃಗ ಗುಜರಾತಿನ ಸುಲ್ತಾನ ಅಫೊನ್ಸೊ ದ ಅಲ್ಬುಕರ್ಕನಿಗೆ ಕೊಟ್ಟದ್ದು; ಗೋವೆಯಲ್ಲಿ ಹಡಗು ಹತ್ತಿಸಿದ್ದು. ಜಗಳ ಆಗಲೇ ಇಲ್ಲ, ಆನೆ ಓಡಿಹೋಯಿತು. ಮುಂದೆ ಖಡ್ಗಮೃಗವನ್ನು ಪೋಪರಿಗೆ ಉಡುಗೊರೆ ಕಳಿಸಿದರು. ಇಟಲಿಯ ತೀರದಲ್ಲಿ ಹಡಗು ಮುಳುಗಿತು. ಕಾಲಿಗೆ ಸರಪಳಿ ಇತ್ತು, ಈಜಲಾಗಲಿಲ್ಲ.

ಅದರ ಜೊತೆ ಇಂಡಿಯಾದಿಂದ ಬಂದ ಪಾಲಕನ ಹೆಸರು ಓಸೆಂ ಎಂದು ದಾಖಲಾಗಿದೆ. ಖಡ್ಗಮೃಗದ ತಲೆ ಬೆಲೆಂ ಗೋಪುರದ ಕಲ್ಲಿನಲ್ಲಿದೆ. ಪಾಲಕನದು ನಾನು ನೋಡಿದ ಕಡೆ ಎಲ್ಲೂ ಇಲ್ಲ.

*

ಸಾಂತ ಅಪೊಲೋನಿಯ ರೈಲು ನಿಲ್ದಾಣದ ಮುಂದೆ, ಮೆಟ್ಟಿಲ ಮೇಲೆ, ಹಡಗಿನಲ್ಲಿ ನಮಗೆ ಬಡಿಸುತ್ತಿದ್ದ ಹುಡುಗ. ಕುಂದಾಪುರದ ಕಡೆಯವನು. ಸಮವಸ್ತ್ರ ಇಲ್ಲದೆ ಗುರುತು ಸಿಗಲು ಹೊತ್ತು ಹಿಡಿಯಿತು. ಅಮ್ಮನ ಜೊತೆ ವಿಡಿಯೊ ಕಾಲ್ ಮುಗಿಸಿ ಕೂತಿದ್ದ.

"ಊರು ನೋಡಿದ್ಯಾ?" ಎಂದೆ.

"ಸುಮಾರ್ ಸಲ ಬಂದಿದ್ದೆ ಸರ್. ಕಂಡದ್ದ್ ಈ ಸ್ಟೇಷನ್ ಮಾತ್ರ. ಇಲ್ಲಿ ವೈಫೈ ಲಾಯ್ಕ್ ಇತ್ತ್."

ಮಧ್ಯಾಹ್ನ ಹೊಸ ಪ್ರಯಾಣಿಕರು ಹತ್ತುತ್ತಾರೆ. ಅಷ್ಟರೊಳಗೆ ಹಾಸಿಗೆ ಬಟ್ಟೆ, ಮೇಜುಬಟ್ಟೆ, ತರಕಾರಿ ಎಲ್ಲ ಬದಲಾಗಬೇಕು. ಅವನಿಗೆ ಸಿಕ್ಕ ಬಿಡುವು ಒಂದು ತಾಸು. ಮನೆಗೆ ಹೋಗುವುದು ಯಾವಾಗ ಎಂದು ಕೇಳಿದೆ. ಮಳೆಗಾಲ ಕಳೆದ ಮೇಲೆ ಎಂದ. ಅವನು ಹೇಳಿದ್ದು ಕುಂದಾಪುರದ ಮಳೆಗಾಲ.

*

ಬೆಲೆಂನ ಜೆರೋನಿಮೊಸ್ ಮಠ. ಬಾಗಿಲ ಒಂದು ಬದಿಗೆ ವಾಸ್ಕೊ ಡ ಗಾಮನ ಸಮಾಧಿ. ಅವನು ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ. ಅಲ್ಲೇ ಹೂಳಿದ್ದರು. 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್ಲಿಗೆ ತಂದರು, 1880ರಲ್ಲಿ ಈ ಮಠಕ್ಕೆ. ಕೊಚ್ಚಿಯ ಚರ್ಚಿನಲ್ಲಿ ಖಾಲಿ ಸಮಾಧಿಯನ್ನು ಇವತ್ತಿಗೂ ತೋರಿಸುತ್ತಾರೆ.

ಇನ್ನೊಂದು ಬದಿಗೆ ಕವಿ ಕಮೋಯಿಷ್. ಒಳಗಿರುವ ಮೂಳೆ ಅವನದೇ ಎಂಬುದು ಖಚಿತವಿಲ್ಲ. ಜನ ಎರಡೂ ಕಡೆ ಒಂದೇ ಥರ ಫೋಟೊ ತೆಗೆಯುತ್ತಾರೆ.

*

ಗಾಮನ ಮೊದಲ ಯಾನದಲ್ಲಿ ನನಗೆ ಹತ್ತಿರದ್ದೆನಿಸುವ ಭಾಗ ಹಿಂತಿರುಗಿದ್ದು. 1498ರಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಕೊಂಡರು. ಬರುವಾಗ ಆಫ್ರಿಕದ ಮಾಲಿಂದಿಯಿಂದ ಕಲ್ಲಿಕೋಟೆಗೆ ತಿಂಗಳೊಳಗೆ ಮುಟ್ಟಿದ್ದರು. ಮುಂಗಾರಿನ ಗಾಳಿ ಇತ್ತು, ದಾರಿ ಬಲ್ಲ ನಾವಿಕನಿದ್ದ. ಮರಳುವಾಗ ಆಫ್ರಿಕ ಸೇರಲು ಮೂರು ತಿಂಗಳು. ಒಸಡು ಬಾತು, ರಕ್ತ ಕೆಟ್ಟು ಜನ ಸತ್ತರು. ಉಳಿದ ಆಳು ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು.

*

ಸಂಜೆ ನಮ್ಮ ಹಡಗು ಬೇರೆಯವರನ್ನು ಹೊತ್ತು ಬೆಲೆಂ ಎದುರಿಗೆ ಕಡಲ ಕಡೆ ಹೋಯಿತು. ಮೇಲಿನ ಡೆಕ್ಕಿನಲ್ಲಿ ಕೈ ಬೀಸುವವರು ಬಹಳ. ಸಿಬ್ಬಂದಿಯ ಕೋಣೆಗಳು ಕೆಳಗೆ, ನೀರಿನ ಮಟ್ಟದ ಹತ್ತಿರ. ಕೆಲವಕ್ಕೆ ಕಿಟಕಿ ಇರುವುದಿಲ್ಲ.

*

ದಂಡೆಯ ಮೇಲೆ ಹಡಗಿನಾಕಾರದ ದೊಡ್ಡ ಸ್ಮಾರಕ, 1960ರದು. ಮುಂತುದಿಯಲ್ಲಿ ರಾಜಕುಮಾರ ಹೆನ್ರಿ. ಅವನನ್ನೂ ಸೇರಿಸಿ 33 ಜನರ ಶಿಲ್ಪ. ಗಾಮ ಇದ್ದಾನೆ, ಅಲ್ಬುಕರ್ಕ್ ಇದ್ದಾನೆ, ಕಮೋಯಿಷ್ ಇದ್ದಾನೆ. ಮಾಲಿಂದಿಯಿಂದ ಕಲ್ಲಿಕೋಟೆಗೆ ದಾರಿ ತೋರಿಸಿದ ನಾವಿಕ ಇಲ್ಲ. ಗೋವೆ ಹಿಡಿಯಲು ಅಲ್ಬುಕರ್ಕನ ಜೊತೆ ನಿಂತ ಹೊನ್ನಾವರದ ತಿಮ್ಮೋಜ ಇಲ್ಲ. ಪೂರ್ವದ ಕಡೆ, ಪಶ್ಚಿಮದ ಕಡೆ, ಎರಡೂ ಮಗ್ಗುಲಿಗೆ ಹೋಗಿ ಹುಡುಕಿದೆ.