ಬಚ್ಚಲೊಲೆಯ ಬೆಂಕಿ

ಮಲೆನಾಡಿನ ಮನೆಗಳಲ್ಲಿ ಆಷಾಢ ಶ್ರಾವಣಗಳ ಶೈತ್ಯವನ್ನು ನೀಗುವ ಒಲೆ ಯಾವುದೆಂದು ಕೇಳಿದರೆ, ಅಡುಗೆಮನೆಯದನ್ನಲ್ಲ, ಬಚ್ಚಲುಮನೆಯದನ್ನೇ ನಾನು ಹೆಸರಿಸುವೆನು. ಅಡುಗೆಯ ಒಲೆಗೆ ಅದರದೇ ಆದ ಮಡಿಯುಂಟು, ಅವಸರವೂ ಉಂಟು. ತಾಮ್ರದ ಹಂಡೆಯನ್ನು ಹೊತ್ತು ಕುಳಿತ ಬಚ್ಚಲೊಲೆಯಾದರೋ ತೋಟದಿಂದ ತೊಯ್ದು ಬಂದವರಿಗೂ, ಶಾಲೆಯಿಂದ ನೆನೆದು ಬಂದ ಮಕ್ಕಳಿಗೂ, ನಡುಗುವ ನಾಯಿಗೂ, ಒಣಗದ ಕಂಬಳಿಗೂ ಭೇದವೆಣಿಸದೆ ಆಶ್ರಯವೀಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಗೋಡೆ ಬೆವರಿ, ಪೆಟ್ಟಿಗೆಯೊಳಗಣ ಪುಸ್ತಕಕ್ಕೂ ಬೂಸಲು ಹಿಡಿಯುವ ಆ ದಿನಗಳಲ್ಲಿ, ಮನೆಯೊಳಗೆ ಒಣಗಿದ ಎಡೆಯೊಂದಿರುವುದೇ ಒಂದು ಐಶ್ವರ್ಯ.

ಆ ಒಲೆಯನ್ನು ನೋಡಿಕೊಳ್ಳುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಅದರ ಉಪಕ್ರಮ ಮಳೆಗಾಲದಲ್ಲಲ್ಲ, ಮಾಘ ಫಾಲ್ಗುಣಗಳಲ್ಲಿ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುವುದುಂಟು. ಅದನ್ನು ಹಾಗೆಯೇ ಒಲೆಗಿಟ್ಟರೆ, ನಮಗೆ ಸಲ್ಲಬೇಕಾದ ಶಾಖವು ಆ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗಿ, ನಮ್ಮ ಪಾಲಿಗೆ ಕಣ್ಣೀರು ಮಾತ್ರ ಬರುತ್ತದೆ. ಆದುದರಿಂದ ಸೀಳಿ, ಗಾಳಿಯಾಡುವಂತೆ ಒಟ್ಟಿ, ನೀರಿನಂಶ ಶೇಕಡ 20ಕ್ಕಿಂತ ಕೆಳಗಿಳಿಯುವವರೆಗೆ ಬೇಸಗೆಯ ಬಿಸಿಲನ್ನು ಉಣಿಸಬೇಕು. ಒಣಗಿತೋ ಇಲ್ಲವೋ ಎಂಬುದನ್ನು ಕಿವಿಯೇ ತೀರ್ಮಾನಿಸುತ್ತದೆ. ಎರಡು ಸೀಳುಗಳನ್ನು ಒಂದಕ್ಕೊಂದು ತಟ್ಟಿದರೆ ಹಸಿಯದು ಮಂಕಾಗಿ ಸದ್ದುಮಾಡುವುದು, ಒಣಗಿದ್ದು ಖಣ್ಣೆನ್ನುವುದು. ಮತ್ತಿಯ ಕಟ್ಟಿಗೆ ಗಟ್ಟಿ, ಸಾವಧಾನವಾಗಿ ಉರಿದು ಒಳ್ಳೆಯ ಕೆಂಡವಾಗುತ್ತದೆ. ಬೂರುಗ ಭಗ್ಗೆಂದು ಎದ್ದು ಅಷ್ಟೇ ಬೇಗ ಮುಗಿಯುತ್ತದೆ. ಹೊಳಗೇರನ್ನು ಮಾತ್ರ ಬಲ್ಲವರು ಮುಟ್ಟುವುದಿಲ್ಲ. ಅದರ ಸೊನೆ ತಾಕಿದ ಮೈ ಬೊಬ್ಬೆಯೇಳುವುದು.

ಇನ್ನು ಹೊತ್ತಿಸುವ ಕಲೆ. ಒಣ ತೆಂಗಿನಗರಿ, ಅದರ ಮೇಲೆ ಅಡಕೆ ಸಿಪ್ಪೆ, ಒಂದೆರಡು ಕರಟ, ಆಮೇಲೆ ಸಣ್ಣ ಸೀಳು, ಕೊನೆಗೆ ದಪ್ಪ ಕಟ್ಟಿಗೆ. ಹೊಸಬರು ಕಟ್ಟಿಗೆಯನ್ನು ಒತ್ತೊತ್ತಾಗಿ ತುರುಕುವರು. “ಒಲೆಗೆ ಉಸಿರಾಡೋಕೆ ಬಿಡೋ ಮಾರಾಯ” ಎಂದು ನಮ್ಮಜ್ಜಿ ಎರಡು ಕೊಳ್ಳಿಗಳನ್ನು ಈಚೆಗೆಳೆದರೆ, ಊದುಗೊಳವೆಗೂ ಜಗ್ಗದಿದ್ದ ಬೆಂಕಿ ತಾನಾಗಿ ಏಳುತ್ತಿತ್ತು. ಕಾದ ಮರದಿಂದ ಹೊರಡುವ ಅನಿಲಗಳೇ ಗಾಳಿಯೊಡನೆ ಕೂಡಿ ಜ್ವಾಲೆಯಾಗುವುವು ಎಂಬುದನ್ನೂ, ಹೊಗೆಯೆಂಬುದು ಬಹುಮಟ್ಟಿಗೆ ಉರಿಯದೆ ಹೋದ ಇಂಧನವೇ ಎಂಬುದನ್ನೂ ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಅಜ್ಜಿಯ ಕೈಗೆ ಅದು ಎಂದೋ ತಿಳಿದಿತ್ತು. ಸಂದುಗಳನ್ನು ಅರಿತು ಬಿಡುವುದರಲ್ಲಿಯೇ ಈ ಕಲೆಯ ಸಾರಸರ್ವಸ್ವವಿದೆಯೆಂದು ನಾನು ನಂಬಿರುವೆನು.

ಈ ಅರಿವನ್ನೇ ಶಾಸ್ತ್ರವಾಗಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು. ಅವರ ಒಲೆಯಲ್ಲಿ ಕಟ್ಟಿಗೆಯ ಕೆಳಗೆ ಜಾಲರಿ, ಮುಚ್ಚಿದ ಒಲೆಗೂಡು, ಸೂರಿನಾಚೆಗೆ ಹೊಗೆಕೊಳವೆ. ಇಷ್ಟರಿಂದ ಕಟ್ಟಿಗೆ ಉಳಿಯಿತು, ಹೆಂಗಸರ ಕಣ್ಣೂ ಎದೆಯೂ ಉಳಿದುವು. ಹಳೆಯ ಒಲೆಯ ಮೇಲೆ ಎಷ್ಟೇ ಮಮತೆಯಿದ್ದರೂ, ಹೊಗೆಯನ್ನು ಹೊಗಳುವವರೊಡನೆ ನಾನು ಸೇರಲಾರೆ.

ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಒಂದು ದೊಡ್ಡ ಕುಂಟೆಯನ್ನು ಒಳಕ್ಕೆ ನೂಕಿ, ಕೆಂಡದ ಮೇಲೆ ಬೂದಿ ಹೊದಿಸಿದರೆ, ಬೆಳಗಿನವರೆಗೆ ಹಂಡೆಯ ನೀರು ಬೆಚ್ಚಗಿರುವುದು. ಒಲೆಯ ಮೇಲಿನ ದಬ್ಬೆಗಳಿಗೆ ಹರವಿದ ಬಟ್ಟೆಯೂ ಒಣಗುವುದು. ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದು ಕಡೆಗೆ ಅಡಕೆಮರದ ಬುಡಕ್ಕೇ ಸಲ್ಲತಕ್ಕದ್ದು. ಆದರೆ ಬಿಸಿಯಾಗಿರುವಷ್ಟು ಹೊತ್ತು ಅದು ಮಕ್ಕಳ ಸ್ವತ್ತು. ಹಲಸಿನ ಬೀಜದ ತುದಿಯನ್ನು ಕೊಂಚ ಕೊಯ್ದು, ಇಲ್ಲವಾದರೆ ಸಿಡಿದೀತು, ಕೆಂಡದೊಳಗಲ್ಲ, ಕೆಂಡದ ಪಕ್ಕದ ಬೂದಿಯಲ್ಲಿ ಹೂಳಬೇಕು. ಸಿಪ್ಪೆ ಕರಿಕಾಗಿ, ತಿರುಳು ಹಿಟ್ಟುಹಿಟ್ಟಾಗಿ ಬೆಂದ ಆ ಬೀಜಗಳನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ಸುಲಿದು, ಉಪ್ಪಿನ ಹರಳಿನೊಡನೆ ತಿನ್ನುವಾಗ, ಹೊರಗೆ ಮಳೆ ಇನ್ನೆರಡು ದಿನ ಹೆಚ್ಚೇ ಹೊಯ್ಯಲಿ ಎನಿಸುತ್ತದೆ.